ಅಡುಗೆಮನೆಯ ಒಲೆಯ ಮುಂದೆ ದೇವಸಾನ್ನಿಧ್ಯ



ಮನೆಭೇಟಿಗೆ ಹೋದಾಗ ನಮ್ಮ ತಾಯಂದಿರು ಹೇಳಿಕೊಳ್ಳುವ ಒಂದು ಕೊರಗು ಯಾವ ಧರ್ಮಕೇಂದ್ರಕ್ಕೆ ಹೋದರೂ ಬದಲಾಗುವುದಿಲ್ಲ. ಬೆಳಿಗ್ಗೆ ಐದಕ್ಕೆ ಏಳಬೇಕು, ನೀರು ಹಿಡಿಯಬೇಕು, ತಿಂಡಿಯಾಗಬೇಕು, ಮಕ್ಕಳ ಊಟದ ಡಬ್ಬಿ ಕಟ್ಟಬೇಕು, ಅತ್ತೆಗೆ ಮಾತ್ರೆ ಕೊಡಬೇಕು, ಬಸ್ಸು ಹಿಡಿದು ಕೆಲಸಕ್ಕೆ ಓಡಬೇಕು. ರಾತ್ರಿ ಜಪಸರ ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಕಣ್ಣು ಮುಚ್ಚಿಹೋಗಿರುತ್ತದೆ. ದೇವರಿಗೆ ಇಂದೂ ಸಮಯ ಕೊಡಲಿಲ್ಲವಲ್ಲ ಎಂಬ ಅಳುಕಿನಲ್ಲೇ ನಿದ್ದೆ ಹತ್ತುತ್ತದೆ. ಗದ್ದೆಯಲ್ಲಿ, ಕಾರ್ಖಾನೆಯಲ್ಲಿ, ಕಚೇರಿಯಲ್ಲಿ ದುಡಿಯುವ ಗಂಡಸರ ಕೊರಗೂ ಇದೇ.

ಹಾಗಾದರೆ ನಮ್ಮ ದಿನದ ಬಹುಪಾಲು ದೇವರಿಲ್ಲದೆ ಕಳೆದುಹೋಗುತ್ತಿದೆಯೇ? ದೇವಾಲಯದ ಒಂದು ಗಂಟೆ ಮಾತ್ರ ದೇವರದ್ದು, ಉಳಿದ ಇಪ್ಪತ್ತಮೂರು ಗಂಟೆ ಬರೀ ನಮ್ಮದೇ? ಈ ಪ್ರಶ್ನೆಗೆ ದೊಡ್ಡ ದೈವಶಾಸ್ತ್ರಜ್ಞರು ದೊಡ್ಡ ಗ್ರಂಥಗಳಲ್ಲಿ ಉತ್ತರ ಕೊಟ್ಟಿದ್ದಾರೆ. ಆದರೆ ತನ್ನ ಬದುಕನ್ನೇ ಉತ್ತರವಾಗಿ ಕೊಟ್ಟವರು ಒಬ್ಬ ಅಡುಗೆಯ ಸಹೋದರ. ಕುಂಟುತ್ತಾ ನಡೆಯುತ್ತಿದ್ದ, ಹೆಚ್ಚು ಓದಿರದ, ಗುರುದೀಕ್ಷೆ ಪಡೆಯದ ಆ ಮನುಷ್ಯನ ಹೆಸರು ಸಹೋದರ ಲಾರೆನ್ಸ್.

ಅವರ ಹುಟ್ಟುಹೆಸರು ನಿಕೊಲಾಸ್ ಹರ್ಮನ್. ಇಂದು ಫ್ರಾನ್ಸಿಗೆ ಸೇರಿರುವ ಲೊರೇನ್ ಪ್ರಾಂತ್ಯದಲ್ಲಿ, ಲುನೆವಿಲ್ ಪಟ್ಟಣದ ಬಳಿಯ ಎರಿಮೆನಿಲ್ ಎಂಬ ಹಳ್ಳಿಯಲ್ಲಿ, 1614ರ ಸುಮಾರಿಗೆ ಬಡ ರೈತ ಕುಟುಂಬವೊಂದರಲ್ಲಿ ಅವನು ಹುಟ್ಟಿದ. ಅವನು ಬಾಲಕನಾಗಿದ್ದಾಗಲೇ, 1618ರಲ್ಲಿ, ಯೂರೋಪನ್ನು ಮೂವತ್ತು ವರ್ಷ ಸುಟ್ಟ ಆ ಮಹಾಯುದ್ಧ ಹೊತ್ತಿಕೊಂಡಿತು. ಕೆಲವು ವರ್ಷಗಳಲ್ಲಿ ಅದು ಲೊರೇನಿಗೂ ಬಂತು. ಸೈನ್ಯಗಳು ಬಂದವು, ಬೆಳೆ ಹೋಯಿತು, ಸೈನ್ಯದ ಹಿಂದೆಯೇ ಬರಗಾಲವೂ ಪ್ಲೇಗೂ ಬಂದವು. ಬಡವರ ಮನೆಯ ಹುಡುಗರಿಗೆ ಎರಡು ಹೊತ್ತಿನ ಊಟ ಸಿಗುತ್ತಿದ್ದ ಜಾಗವೆಂದರೆ ಸೈನ್ಯವೇ. ನಿಕೊಲಾಸನೂ ಸಿಪಾಯಿಯಾದ.

ಹದಿನೆಂಟನೇ ವಯಸ್ಸಿನಲ್ಲಿ, ಒಂದು ಚಳಿಗಾಲದ ದಿನ, ಅವನು ಒಂದು ಮರವನ್ನು ನೋಡಿದ. ಒಂದು ಎಲೆಯೂ ಇಲ್ಲದೆ ಬೋಳಾಗಿ ನಿಂತಿದ್ದ ಸಾಧಾರಣ ಮರ. ಇನ್ನು ಕೆಲವೇ ವಾರಗಳಲ್ಲಿ ಇದು ಚಿಗುರುತ್ತದೆ, ಆಮೇಲೆ ಹೂ ಬಿಡುತ್ತದೆ, ಆಮೇಲೆ ಹಣ್ಣು ಎಂಬ ಯೋಚನೆ ಅವನ ಮನಸ್ಸಿಗೆ ಬಂತು. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಆ ದಿನ ಅವನಿಗೆ ಅದು ಬರೀ ವಿಷಯವಾಗಿ ಉಳಿಯಲಿಲ್ಲ. ಸತ್ತಂತೆ ಕಾಣುವ ಈ ಕೊಂಬೆಯೊಳಗೆ ಈ ಕ್ಷಣದಲ್ಲೂ ದೇವರು ಸುಮ್ಮನೆ ಕುಳಿತಿಲ್ಲ ಎಂಬ ಅರಿವು ಅವನ ಎದೆಗೆ ನಾಟಿತು. ನಲವತ್ತು ವರ್ಷಗಳ ನಂತರವೂ ಆ ಅರಿವು ಮಾಸಲಿಲ್ಲವೆಂದೂ, ಅಂದು ಹುಟ್ಟಿದ ದೇವಪ್ರೀತಿ ಮುಂದೆ ಅದಕ್ಕಿಂತ ಹೆಚ್ಚಿತೋ ಇಲ್ಲವೋ ಹೇಳಲಾರೆನೆಂದೂ ಅವರು ತಿಳಿಸಿದ್ದುಂಟು.

ಆ ಕಾಲದ ಲೊರೇನಿನಲ್ಲಿ ಮರಗಳು ಬೇರೆಯದನ್ನೂ ಹೊತ್ತಿದ್ದವೆಂಬುದನ್ನು ನಾವು ಮರೆಯಬಾರದು. ಅದೇ ಪ್ರಾಂತ್ಯದ ನ್ಯಾನ್ಸಿ ಪಟ್ಟಣದ ಚಿತ್ರಕಾರ ಜಾಕ್ ಕಲೋ 1633ರಲ್ಲಿ ಯುದ್ಧದ ದುರವಸ್ಥೆಗಳನ್ನು ಕುರಿತ ಒಂದು ಚಿತ್ರಮಾಲೆಯನ್ನು ಪ್ರಕಟಿಸಿದ. ಅದರ ಒಂದು ಚಿತ್ರದಲ್ಲಿ ದೊಡ್ಡ ಮರವೊಂದಿದೆ. ಅದರ ಕೊಂಬೆಗಳಲ್ಲಿ ಹಣ್ಣುಗಳಿಲ್ಲ, ನೇಣು ಹಾಕಿದ ಮನುಷ್ಯರ ಸಾಲುಗಳಿವೆ. ನಿಕೊಲಾಸ್ ಬೋಳುಮರವನ್ನು ನೋಡಿದ್ದು ಆ ಚಿತ್ರದ ಕಾಲದಲ್ಲೇ, ಆ ನಾಡಿನಲ್ಲೇ. ಸುಖದ ದಿನಗಳಲ್ಲಿ ಪ್ರಕೃತಿಯ ಸೊಬಗಿನಲ್ಲಿ ದೇವರನ್ನು ಕಾಣುವುದು ಕಷ್ಟವಲ್ಲ. ಸಾವು ನೇತಾಡುವ ನಾಡಿನಲ್ಲಿ ಬೋಳು ಕೊಂಬೆಯೊಳಗಿನ ಚಿಗುರನ್ನು ಕಾಣಲು ವಿಶ್ವಾಸ ಬೇಕು.

ಆ ಅನುಭವವಾದ ಮಾತ್ರಕ್ಕೆ ಅವನ ಬದುಕು ಸುಗಮವಾಗಲಿಲ್ಲ. ಜರ್ಮನ್ ಸೈನಿಕರು ಒಮ್ಮೆ ಅವನನ್ನು ಗೂಢಚಾರನೆಂದು ಹಿಡಿದು ನೇಣಿನ ಬೆದರಿಕೆ ಹಾಕಿದರು. ತಾನು ಗೂಢಚಾರನಲ್ಲವೆಂದೂ, ಸಾವಿಗೆ ಅಂಜುವುದಿಲ್ಲವೆಂದೂ ಅವನು ಶಾಂತವಾಗಿ ಹೇಳಿದ್ದನ್ನು ಕಂಡು ಬಿಟ್ಟುಬಿಟ್ಟರು. 1635ರಲ್ಲಿ ರಾಂಬೆರ್ವಿಲಿಯೆ ಎಂಬ ಊರನ್ನು ಸ್ವೀಡನ್ನಿನ ಸೈನಿಕರು ಆಕ್ರಮಿಸಿದಾಗ ಅವನ ಕಾಲಿಗೆ ಪೆಟ್ಟಾಯಿತು. ಅಲ್ಲಿಗೆ ಸಿಪಾಯಿಯ ಬದುಕು ಮುಗಿಯಿತು; ಕುಂಟು ಮಾತ್ರ ಸಾಯುವವರೆಗೂ ಜೊತೆಗಿತ್ತು.

ನಂತರ ಅವನು ಏಕಾಂತವಾಸಿಯಾಗಿ ಬದುಕಲು ನೋಡಿದ. ಒಂದು ದಿನ ಸಂತೋಷ, ಮರುದಿನ ದುಃಖ. ಮನಸ್ಸು ನಿಲ್ಲಲಿಲ್ಲ, ಅದನ್ನು ಬಿಟ್ಟ. ಫ್ಯೂಬೆ ಎಂಬ ಖಜಾನೆ ಅಧಿಕಾರಿಯ ಮನೆಯಲ್ಲಿ ಆಳಾಗಿ ಸೇರಿದ. ಅಲ್ಲಿ ಅವನ ಕೈಗೆ ಸಿಕ್ಕಿದ್ದೆಲ್ಲ ಒಡೆದುಹೋಗುತ್ತಿತ್ತು. ತಾನೊಬ್ಬ ಒಡ್ಡೊಡ್ಡಾದ ಆಳು ಎಂದು ಮುಂದೆ ಅವರೇ ನಗುತ್ತಾ ಹೇಳಿಕೊಳ್ಳುತ್ತಿದ್ದರು. ಹೀಗೆ ಸೈನ್ಯಕ್ಕೂ ಆಗದೆ, ಏಕಾಂತಕ್ಕೂ ಆಗದೆ, ಮನೆಗೆಲಸಕ್ಕೂ ಆಗದೆ, 1640ರ ಜೂನ್ ತಿಂಗಳಲ್ಲಿ ಅವನು ಪ್ಯಾರಿಸ್ ನಗರದ ವೊಜಿರಾರ್ ಬೀದಿಯಲ್ಲಿದ್ದ ಕಾರ್ಮೆಲ್ ಮಠದ ಬಾಗಿಲು ತಟ್ಟಿದ.

ಆವಿಲಾದ ಸಂತ ತೆರೇಸಾ ಮತ್ತು ಶಿಲುಬೆಯ ಸಂತ ಯೋವಾನ್ನರು ಸುಧಾರಿಸಿದ ಕಾರ್ಮೆಲ್ ಸಭೆಯದು ಆ ಮಠ. ಮಂಗಳೂರಿನ ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಹೋಗಿಬಂದ ನಮ್ಮ ಓದುಗರಿಗೆ ಈ ಸಭೆಯ ಗುರುಗಳ ಪರಿಚಯ ಇದ್ದೇ ಇದೆ. ಕೆಲಸಕ್ಕೆ ಕರೆ ಬಂದಾಗ ಪ್ರಾರ್ಥನೆ ಕೆಟ್ಟಿತೆಂದು ನೊಂದುಕೊಳ್ಳಬೇಡಿ, ಅಡುಗೆಮನೆಯ ಪಾತ್ರೆಗಳ ನಡುವೆಯೂ ಪ್ರಭು ಓಡಾಡುತ್ತಾರೆ ಎಂಬ ಅರ್ಥದಲ್ಲಿ ತೆರೇಸಾ ಮಾತೆ ತಮ್ಮ ಕನ್ಯಾಸ್ತ್ರೀಯರಿಗೆ ಬುದ್ಧಿ ಹೇಳಿದ್ದರು. ಆ ಬುದ್ಧಿವಾದ ಈ ಕುಂಟ ಸಿಪಾಯಿಗಾಗಿಯೇ ಕಾದಿತ್ತೇನೋ! ಮಠದಲ್ಲಿ ಅವರಿಗೆ ಪುನರುತ್ಥಾನದ ಸಹೋದರ ಲಾರೆನ್ಸ್ ಎಂಬ ಹೆಸರು ಸಿಕ್ಕಿತು. 1642ರ ಆಗಸ್ಟ್ 14ರಂದು, ಮಾತೆ ಮರಿಯಳ ಸ್ವರ್ಗಾರೋಹಣ ಹಬ್ಬದ ಮುನ್ನಾದಿನ, ಅವರು ವ್ರತ ಸ್ವೀಕರಿಸಿದರು. ಅವರಿಗೆ ಒಪ್ಪಿಸಿದ ಕೆಲಸ ಅಡುಗೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸಹೋದರ ಲಾರೆನ್ಸರಿಗೆ ಅಡುಗೆ ಕೆಲಸ ಇಷ್ಟವಿರಲಿಲ್ಲ. ಅದು ಅವರ ಸ್ವಭಾವಕ್ಕೇ ಒಗ್ಗುತ್ತಿರಲಿಲ್ಲ. ಅಂಥ ಕೆಲಸವನ್ನು ಅವರು ಹದಿನೈದು ವರ್ಷ ಮಾಡಿದರು. ದೊಡ್ಡ ಮಠದ ಅಡುಗೆಮನೆಯೆಂದರೆ ಹೊಗೆ, ಸೆಕೆ, ಗದ್ದಲ. ಒಂದೇ ಹೊತ್ತಿಗೆ ನಾಲ್ಕು ಜನ ನಾಲ್ಕು ಬಗೆಯ ವಸ್ತು ಕೇಳುವ ಜಾಗ. ಅಲ್ಲಿ ಅವರು ಕೆಲಸ ಶುರುಮಾಡುವ ಮುನ್ನ ದೇವರೊಂದಿಗೆ ಮಗ ತಂದೆಯೊಡನೆ ಮಾತಾಡುವಂತೆ ಎರಡು ಮಾತಾಡುತ್ತಿದ್ದರು: ನಿಮ್ಮ ಆಜ್ಞೆಯಂತೆ ಈ ಕೆಲಸಕ್ಕೆ ಕೈಹಾಕುತ್ತಿದ್ದೇನೆ, ಜೊತೆಗಿರಿ ಎಂಬಷ್ಟೇ. ಕೆಲಸದ ನಡುವೆ ಮತ್ತೆ ಒಂದು ಮಾತು. ಮುಗಿದಾಗ, ಹೇಗೆ ಮಾಡಿದೆನೆಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಚೆನ್ನಾಗಿದ್ದರೆ ದೇವರಿಗೆ ಕೃತಜ್ಞತೆ, ಕೆಟ್ಟಿದ್ದರೆ ಕ್ಷಮೆಯಾಚನೆ. ಬಾಣಲೆಯಲ್ಲಿ ಮೊಟ್ಟೆಯ ದೋಸೆಯನ್ನು ಮಗುಚಿಹಾಕುವುದೂ, ನೆಲದ ಮೇಲೆ ಬಿದ್ದ ಹುಲ್ಲುಕಡ್ಡಿಯನ್ನು ಎತ್ತುವುದೂ ದೇವರ ಮೇಲಿನ ಪ್ರೀತಿಯಿಂದ ಮಾಡಿದರೆ ಸಾಕೆನ್ನುವುದು ಅವರ ನಿಲುವಾಗಿತ್ತು.

ಇದು ಕೇಳಲು ಸುಲಭ. ಆದರೆ ಅವರಿಗೆ ಇದು ಸುಲಭವಾಗಿ ಒಲಿಯಲಿಲ್ಲ. ಮಠದ ಮೊದಲ ಹತ್ತು ವರ್ಷ ಅವರು ಒಳಗೊಳಗೇ ಬಹಳ ನರಳಿದರು. ತಮ್ಮ ಹಳೆಯ ಪಾಪಗಳು ಕಣ್ಣಮುಂದೆ ನಿಲ್ಲುತ್ತಿದ್ದವು. ದೇವರು ಕೊಡುತ್ತಿದ್ದ ವರಗಳಿಗೆ ತಾವು ತಕ್ಕವರಲ್ಲವೆಂಬ ಸಂಕಟ ಕಾಡುತ್ತಿತ್ತು. ಸುಮಾರು ನಾಲ್ಕು ವರ್ಷ ಕಾಲ ಅವರಿಗೆ ತಾವು ನರಕಕ್ಕೇ ಹೋಗುವವರೆಂಬ ನಂಬಿಕೆ ಹತ್ತಿಬಿಟ್ಟಿತ್ತು. ಯಾರು ಏನು ಹೇಳಿದರೂ ಅದು ಕದಲುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಒಲೆ ಹಚ್ಚುವಾಗ, ತರಕಾರಿ ಹೆಚ್ಚುವಾಗ, ಪಾತ್ರೆ ತಿಕ್ಕುವಾಗ ಈ ಭಯ ಅವರೊಡನೆಯೇ ಇತ್ತು. ಅಂದರೆ, ದೇವಸಾನ್ನಿಧ್ಯದ ಆ ಪ್ರಸಿದ್ಧ ಅಡುಗೆಮನೆ ಎಷ್ಟೋ ಕಾಲ ದೇವರು ತಮ್ಮನ್ನು ಕೈಬಿಟ್ಟಿದ್ದಾರೆಂದು ನಂಬಿದ್ದ ಒಬ್ಬ ಮನುಷ್ಯನ ಅಡುಗೆಮನೆಯಾಗಿತ್ತು.

ಅದರಿಂದ ಅವರು ಹೊರಬಂದದ್ದು ಹೇಗೆ? ವಾದದಿಂದಲ್ಲ. ಕೊನೆಗೊಂದು ದಿನ ಅವರು ಲೆಕ್ಕ ಹಾಕುವುದನ್ನೇ ಬಿಟ್ಟುಬಿಟ್ಟರು. ತಾನು ಮಠಕ್ಕೆ ಬಂದದ್ದು ದೇವರ ಪ್ರೀತಿಗಾಗಿ. ಮುಂದೆ ಉದ್ಧಾರವಾಗಲಿ, ನಾಶವಾಗಲಿ, ಬದುಕಿರುವ ತನಕ ಆ ಪ್ರೀತಿಗಾಗಿಯೇ ಕೆಲಸ ಮಾಡುತ್ತೇನೆ, ಉಳಿದದ್ದು ದೇವರಿಗೆ ಬಿಟ್ಟದ್ದು ಎಂದು ನಿಶ್ಚಯಿಸಿದರು. ಈ ಕಷ್ಟ ಸಾಯುವವರೆಗೂ ಇದ್ದರೂ ಇರಲಿ ಎಂದು ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ, ನಿರೀಕ್ಷಿಸದೆ ಇದ್ದಾಗ, ಮನಸ್ಸು ತಿಳಿಯಾಯಿತು. ಮುಂದೆ ಆ ಶಾಂತಿ ಅವರನ್ನು ಬಿಟ್ಟುಹೋಗಲಿಲ್ಲ.

ಸೆಮಿನರಿಯಲ್ಲಿ ನಾವು ಸಂತ ಥಾಮಸ್ ಅಕ್ವಿನಾಸರಿಂದ ಒಂದು ಪಾಠ ಕಲಿಯುತ್ತೇವೆ. ದೇವರು ಲೋಕವನ್ನು ಒಮ್ಮೆ ಸೃಷ್ಟಿಸಿ ದೂರ ಹೋಗಿ ಕುಳಿತವರಲ್ಲ. ಪ್ರತಿಯೊಂದು ವಸ್ತುವಿಗೂ ಪ್ರತಿ ಕ್ಷಣವೂ ಇರುವಿಕೆಯನ್ನು ಕೊಡುತ್ತಾ ಅದರ ಒಳಗಿನ ಒಳಗೇ ಇದ್ದಾರೆ. ಪರೀಕ್ಷೆಯಲ್ಲಿ ಇದನ್ನು ಬರೆದು ಪಾಸಾಗಬಹುದು. ಸಹೋದರ ಲಾರೆನ್ಸ್ ಈ ಪರೀಕ್ಷೆ ಬರೆದವರಲ್ಲ. ಬೋಳುಮರದಲ್ಲಿ ಅದನ್ನು ಕಂಡರು, ಆಮೇಲೆ ಮಠದಲ್ಲಿ ಐವತ್ತು ವರ್ಷ ಅದನ್ನೇ ಅಭ್ಯಾಸ ಮಾಡಿದರು. ಅವರು ದೇವರನ್ನು ಅಡುಗೆಮನೆಗೆ ಕರೆತರಲಿಲ್ಲ. ಆಗಲೇ ಅಲ್ಲಿದ್ದ ದೇವರ ಕಡೆಗೆ ಮುಖ ತಿರುಗಿಸಿದರು, ಅಷ್ಟೇ.

ಅವರ ಮನಸ್ಸು ಎಂದೂ ಚದುರಲಿಲ್ಲವೆಂದು ತಿಳಿಯಬೇಡಿ. ದೇವರನ್ನು ಮರೆತೇ ಬಿಡುತ್ತಿದ್ದ ಹೊತ್ತುಗಳು ಅವರಿಗೂ ಇದ್ದವು. ನೆನಪಾದ ಕೂಡಲೇ ಅವರು ಹಿಂದಿರುಗುತ್ತಿದ್ದರು. ತಪ್ಪು ಮಾಡಿದಾಗ ನೆವ ಹೇಳದೆ ಒಪ್ಪಿಕೊಂಡು, ನೀವು ಕೈಹಿಡಿಯದಿದ್ದರೆ ನಾನು ಹೀಗೆಯೇ ಎಂದು ದೇವರಿಗೆ ತಿಳಿಸಿ, ಅದನ್ನೇ ಹಿಡಿದು ಕೊರಗದೆ ಮುಂದಿನ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮಲ್ಲಿ ಎಷ್ಟೋ ಮಂದಿ ಪ್ರಾರ್ಥನೆಯಲ್ಲಿ ಮನಸ್ಸು ಅಲೆದದ್ದಕ್ಕಾಗಿ ಪರಿತಪಿಸುತ್ತಲೇ ಉಳಿದ ಪ್ರಾರ್ಥನೆಯನ್ನೂ ಕಳೆದುಕೊಳ್ಳುತ್ತೇವಲ್ಲವೇ? ಮರೆಯದೇ ಇರುವುದು ಅವರ ಸಾಧನೆಯಲ್ಲ. ಮರೆತಾಗಲೆಲ್ಲ ಗಲಾಟೆಯಿಲ್ಲದೆ ಹಿಂದಿರುಗುವುದು ಅವರ ಸಾಧನೆ.

ಮಠಕ್ಕೆ ಬೇಕಾದ ದ್ರಾಕ್ಷಾರಸ ಕೊಂಡುತರಲು ಹಿರಿಯರು ಅವರನ್ನು ಓವೆರ್ನ್ ಪ್ರಾಂತ್ಯಕ್ಕೂ, ಮುಂದೆ ಬರ್ಗಂಡಿಗೂ ಕಳಿಸಿದರು. ವ್ಯಾಪಾರ ಅವರಿಗೆ ಬರುತ್ತಿರಲಿಲ್ಲ. ಕುಂಟುಗಾಲು ಬೇರೆ, ದೋಣಿಯಲ್ಲಿ ಆಚೀಚೆ ಹೋಗಬೇಕೆಂದರೆ ಪೀಪಾಯಿಗಳ ಮೇಲೆ ಉರುಳಿಕೊಂಡೇ ಹೋಗಬೇಕು. ಇದು ನಿಮ್ಮ ಕೆಲಸ, ನೀವೇ ನೋಡಿಕೊಳ್ಳಿ ಎಂದು ದೇವರಿಗೆ ಹೇಳಿ ಹೊರಟರು. ಕೆಲಸ ಹೇಗೋ ಚೆನ್ನಾಗಿಯೇ ಆಯಿತು. ಕಾಲಿನ ಹುಣ್ಣು ಉಲ್ಬಣಿಸಿದ ಮೇಲೆ ಕುಳಿತು ಮಾಡಬಹುದಾದ ಚಪ್ಪಲಿ ಹೊಲಿಯುವ ಕೆಲಸವನ್ನು ಹಿರಿಯರು ಅವರಿಗೆ ಕೊಟ್ಟರು. ಆದರೂ ಅಡುಗೆಮನೆಯಲ್ಲಿ ಕೈ ಕಡಿಮೆಯಾದಾಗ ಅವರು ಅಲ್ಲಿಗೂ ಹೋಗುತ್ತಿದ್ದರು.

1666ರ ಆಗಸ್ಟ್ 3ರಂದು ಜೋಸೆಫ್ ದ ಬೊಫೋರ್ ಎಂಬ ಗುರುಗಳು ಅವರನ್ನು ಮೊದಲ ಬಾರಿ ಕಂಡು ಮಾತಾಡಿದರು. ಇವರು ಮುಂದೆ ಪ್ಯಾರಿಸಿನ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ನೊಆಯ್ ಅವರಿಗೆ ಶ್ರೇಷ್ಠ ಗುರುಗಳಾದವರು. ಅಡುಗೆಯ ಸಹೋದರನ ಬಳಿ ಕಲಿಯಲು ಅವರು ಸಂಕೋಚಪಡಲಿಲ್ಲ, ಕೇಳಿದ್ದನ್ನು ಬರೆದಿಟ್ಟುಕೊಂಡರು. ಕನ್ಯಾಸ್ತ್ರೀಯರು, ಗೃಹಸ್ಥರು ಸಹೋದರ ಲಾರೆನ್ಸರಿಗೆ ಪತ್ರ ಬರೆದು ಸಲಹೆ ಕೇಳತೊಡಗಿದರು. ಒಬ್ಬ ಸೈನಿಕನ ವಿಷಯವಾಗಿ ಬರೆಯುತ್ತಾ ಅವರು, ಕೈಯಲ್ಲಿ ಕತ್ತಿ ಹಿಡಿದು ನಡೆಯುವಾಗಲೂ ಕ್ಷಣಕಾಲ ಹೃದಯವನ್ನು ದೇವರತ್ತ ಎತ್ತಿದರೆ ಅದು ಪ್ರಾರ್ಥನೆಯೇ ಎಂದು ತಿಳಿಸಿದರು. ಸಿಪಾಯಿಯಾಗಿದ್ದವರ ಮಾತದು, ಎಲ್ಲಿ ಎಷ್ಟು ಬಿಡುವು ಸಿಗುತ್ತದೆಂದು ಅವರಿಗೆ ಗೊತ್ತಿತ್ತು.

1691ರ ಫೆಬ್ರವರಿ 12ರಂದು ಅವರು ಶಾಂತವಾಗಿ ದೇವರ ಪಾದ ಸೇರಿದರು. ಮರುವರ್ಷವೇ, 1692ರಲ್ಲಿ, ಬೊಫೋರ್ ಅವರು ಲಾರೆನ್ಸರ ಬರಹಗಳನ್ನೂ ಪತ್ರಗಳನ್ನೂ, 1694ರಲ್ಲಿ ತಾವು ಬರೆದಿಟ್ಟ ಸಂಭಾಷಣೆಗಳನ್ನೂ ಪ್ರಕಟಿಸಿದರು. ಆದರೆ ಕಾಲ ಕೂಡಿಬರಲಿಲ್ಲ. ದೇವರೆದುರು ಆತ್ಮವು ಏನೂ ಮಾಡದೆ ಸುಮ್ಮನಿದ್ದರೆ ಸಾಕೆಂಬ ಒಂದು ತಪ್ಪು ಬೋಧನೆಯ ಬಗ್ಗೆ ಆಗ ಫ್ರಾನ್ಸಿನಲ್ಲಿ ದೊಡ್ಡ ವಿವಾದ ಎದ್ದಿತ್ತು. ಲಾರೆನ್ಸರನ್ನು ಕಂಡು ಮೆಚ್ಚಿದ್ದ ಮಹಾಧರ್ಮಾಧ್ಯಕ್ಷ ಫೆನೆಲೋನರ ಒಂದು ಪುಸ್ತಕದ ವಿಚಾರಗಳನ್ನು 1699ರಲ್ಲಿ ರೋಮ್ ಖಂಡಿಸಿತು. ಆ ಗದ್ದಲದಲ್ಲಿ ಬಡ ಅಡುಗೆಯ ಸಹೋದರನನ್ನೂ ಫ್ರಾನ್ಸಿನ ಕಥೋಲಿಕರು ಮರೆತರು. ಬೆಳಗಿನಿಂದ ರಾತ್ರಿಯವರೆಗೆ ಪಾತ್ರೆ ತಿಕ್ಕಿದವರು ಏನೂ ಮಾಡದೆ ಸುಮ್ಮನಿರುವುದನ್ನು ಕಲಿಸಿಯಾರೇ? ಅವರ ಪುಸ್ತಕವನ್ನು ಜತನದಿಂದ ಕಾಪಾಡಿ ಲೋಕಕ್ಕೆ ಹರಡಿದವರು ಹೆಚ್ಚಾಗಿ ಪ್ರೊಟೆಸ್ಟಂಟ್ ಸಹೋದರರು. ಮೆಥೊಡಿಸ್ಟ್ ಪಂಥದ ಜಾನ್ ವೆಸ್ಲಿ ಅವರಲ್ಲಿ ಒಬ್ಬರು. ಇದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಇನ್ನೊಂದು ಮಾತು. ಲಾರೆನ್ಸರು ದುಡಿದ ಆ ಮಠವನ್ನು ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಸೆರೆಮನೆ ಮಾಡಲಾಯಿತು. 1792ರ ಸೆಪ್ಟೆಂಬರ್ 2ರಂದು ಮೂವರು ಧರ್ಮಾಧ್ಯಕ್ಷರೂ ಸೇರಿ ನೂರಕ್ಕೂ ಹೆಚ್ಚು ಗುರುಗಳನ್ನು ಅಲ್ಲಿ ಕೊಲ್ಲಲಾಯಿತು. ಒಂದೇ ಆವರಣದಲ್ಲಿ ಒಬ್ಬರು ಹನಿಹನಿಯಾಗಿ ಐವತ್ತು ವರ್ಷ ಪ್ರಾಣ ಕೊಟ್ಟರು, ಇವರು ಒಂದೇ ದಿನದಲ್ಲಿ ಕೊಟ್ಟರು. ಅವರನ್ನು ಧರ್ಮಸಭೆ 1926ರಲ್ಲಿ ಧನ್ಯರೆಂದು ಘೋಷಿಸಿತು. ಸಹೋದರ ಲಾರೆನ್ಸರು ಸಂತರೆಂದು ಘೋಷಿತರಾಗಿಲ್ಲ. ಆದರೆ 2025ರ ಡಿಸೆಂಬರಿನಲ್ಲಿ ಲೆಬನಾನ್ ಪ್ರವಾಸದಿಂದ ರೋಮಿಗೆ ಮರಳುವಾಗ ಜಗದ್ಗುರು 14ನೇ ಲಿಯೋ ಅವರು, ತಮ್ಮ ಆಧ್ಯಾತ್ಮಿಕತೆಯನ್ನು ತಿಳಿಯಬೇಕೆಂದರೆ ಸಂತ ಅಗಸ್ಟೀನರ ಬರಹಗಳಲ್ಲದೆ ಈ ಸಹೋದರನ ಚಿಕ್ಕ ಪುಸ್ತಕವನ್ನೂ ಓದಬಹುದೆಂದು ಪತ್ರಕರ್ತರಿಗೆ ಹೇಳಿದರು. ಅಡುಗೆಮನೆಯ ಮಾತು ಪೇತ್ರರ ಪೀಠದವರೆಗೆ ತಲುಪಲು ಮುನ್ನೂರು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಪ್ರಿಯ ಕುಟುಂಬಗಳೇ, ಈ ಬದುಕಿನಿಂದ ನಾವು ಏನು ಕಲಿಯೋಣ? ಮೊದಲಿಗೆ ಗಂಡಸರಿಗೆ ಒಂದು ಮಾತು. ಅಡುಗೆಮನೆಯಲ್ಲೂ ದೇವರಿದ್ದಾರೆ, ನೀನು ಅಲ್ಲೇ ಇರು ಎಂದು ಹೆಂಡತಿಗೆ ಉಪದೇಶಿಸಲು ಈ ಲೇಖನವನ್ನು ಬಳಸಬೇಡಿ. ಲಾರೆನ್ಸರು ತಮಗೆ ಇಷ್ಟವಿಲ್ಲದ ಕೆಲಸದಲ್ಲಿ ದೇವರನ್ನು ಕಂಡರೇ ಹೊರತು, ಇನ್ನೊಬ್ಬರ ಮೇಲೆ ಹೊರಿಸಿದ ಕೆಲಸದಲ್ಲಲ್ಲ. ಅವರ ಕಾಲಿನ ನೋವನ್ನು ಕಂಡ ಹಿರಿಯರು ಅವರಿಗೆ ಕುಳಿತು ಮಾಡುವ ಕೆಲಸ ಕೊಟ್ಟರೆಂಬುದನ್ನು ಮರೆಯಬೇಡಿ. ದೇವರ ಕಡೆಗೆ ಗಮನವಿರುವವರಿಗೆ ಪಕ್ಕದವರ ಆಯಾಸವೂ ಕಾಣಬೇಕು. ಕಾಣದಿದ್ದರೆ ನಮ್ಮ ಧ್ಯಾನದಲ್ಲಿ ಏನೋ ಕೊರತೆಯಿದೆ.

ಎರಡನೆಯದಾಗಿ, ಭಾನುವಾರದ ಬಲಿಪೂಜೆ, ಮನೆಯ ಜಪಸರ ಬೇಡವೆಂದು ಲಾರೆನ್ಸರು ಹೇಳಲಿಲ್ಲ. ಮಠದ ಪ್ರಾರ್ಥನೆಯ ಗಂಟೆ ಹೊಡೆದಾಗ ಅವರು ವಿಧೇಯತೆಯಿಂದ ಹೋಗುತ್ತಿದ್ದರು. ಆದರೆ ಅಲ್ಲಿ ಕಂಡ ದೇವರನ್ನು ಅಲ್ಲಿಯೇ ಬಿಟ್ಟುಬರುತ್ತಿರಲಿಲ್ಲ.

ನಾಳೆ ಬೆಳಿಗ್ಗೆ ಒಲೆ ಹಚ್ಚುವಾಗ, ಗಾಡಿ ಚಾಲೂ ಮಾಡುವಾಗ, ಅಂಗಡಿಯ ಬಾಗಿಲು ತೆರೆಯುವಾಗ ಒಂದು ಉಸಿರಿನಷ್ಟು ಹೊತ್ತು ನಿಲ್ಲಿ. ಪ್ರಭುವೇ, ಇಲ್ಲಿದ್ದೀರಿ ಎಂದು ಮನಸ್ಸಿನಲ್ಲೇ ಅಂದುಕೊಳ್ಳಿ. ಆಮೇಲೆ ಕೆಲಸ ಮುಂದುವರಿಸಿ. ಮಧ್ಯಾಹ್ನದ ಹೊತ್ತಿಗೆ ಮರೆತಿರುತ್ತೀರಿ. ಚಿಂತೆ ಬೇಡ, ನೆನಪಾದಾಗ ಹಿಂದಿರುಗಿ. ಕೆಲವು ದಿನ ಏನೂ ಅನಿಸುವುದಿಲ್ಲ. ಮನೆಯಲ್ಲಿ ಕಾಯಿಲೆ, ಸಾಲ, ಜಗಳ ತುಂಬಿ ದೇವರು ಇದ್ದಾರೋ ಇಲ್ಲವೋ ಎನಿಸುವ ದಿನಗಳೂ ಬರುತ್ತವೆ. ಆ ದಿನ, ಕೈಬಿಡಲ್ಪಟ್ಟೆನೆಂದು ನಂಬಿದ್ದರೂ ಒಲೆಯ ಮುಂದಿನಿಂದ ಕದಲದ ಆ ಕುಂಟ ಸಹೋದರನನ್ನು ನೆನೆಯಿರಿ. ಅವರು ನೋಡಿದ ಮರದಲ್ಲೂ ಅಂದು ಒಂದು ಎಲೆಯೂ ಇರಲಿಲ್ಲ.